ನನ್ನ ಮಿನಿಮಲ್ ಟೆಕ್ನೋ ಟ್ರ್ಯಾಕ್ ಖಾಲಿ ಖಾಲಿ ಅನ್ನಿಸುತ್ತಿದೆ. ಇನ್ನೇನು ಸೇರಿಸಲಿ, ಯಾವ ಸ್ಯಾಂಪಲ್ ಪ್ಯಾಕ್ ಕೊಳ್ಳಲಿ?

ಏನೂ ಸೇರಿಸಬೇಡಿ. ಮಿನಿಮಲ್ ಟೆಕ್ನೋ ಅಂದರೆ ಕೆಲವೇ ಸದ್ದುಗಳಲ್ಲಿ ಕಟ್ಟುವ ಕುಣಿತದ ಎಲೆಕ್ಟ್ರಾನಿಕ್ ಸಂಗೀತ. ಕಿಕ್ ಅನ್ನುವ ದಪ್ಪ ಡ್ರಮ್ಮಿನ ಏಟು, ಹೈ-ಹ್ಯಾಟ್ ಅನ್ನುವ ಸಣ್ಣ ತಾಳದ ಸದ್ದು, ಒಂದು ಬೇಸ್‌ಲೈನ್ ಇದ್ದರೆ ಅಷ್ಟು ಸಾಕು. ನಾನೂ ಇದೇ ಗುಂಗಿನಲ್ಲಿ ರೆಡಿಮೇಡ್ ಸದ್ದುಗಳ ಪ್ಯಾಕ್ ಮೇಲೆ ಪ್ಯಾಕ್ ಕೊಂಡವನು.

ಆಗ ಬೆಂಗಳೂರಿನಲ್ಲಿ ಬಾಡಿಗೆ ರೂಮು. ಮೇಲ್ಗಡೆ ಓನರ್ ಮನೆ. ಹಾಗಾಗಿ ಕೆಲಸವೆಲ್ಲ ಹೆಡ್‌ಫೋನಿನಲ್ಲೇ. ಖಾಲಿ ಕಂಡಲ್ಲೆಲ್ಲ ಏನಾದರೂ ತುರುಕಿದೆ. ಕಿಕ್‌ಗೆ ರಿವರ್ಬ್ ಅನ್ನುವ ಮೊಳಗು, ಬೇಸ್ ಕೆಳಗೆ ಇನ್ನೊಂದು ಬೇಸ್, ಹಿಂದೆ ಪ್ಯಾಡ್ ಅನ್ನುವ ಉದ್ದನೆ ಸ್ವರದ ಹಾಸು. ಭರ್ಜರಿಯಾಗಿ ಕೇಳಿಸಿತು. ಪರಿಚಯದವರ ಕೈಕಾಲು ಹಿಡಿದು ಒಂದು ಕ್ಲಬ್‌ನಲ್ಲಿ ನುಡಿಸುವ ಅವಕಾಶ ಗಿಟ್ಟಿಸಿದೆ. ನನ್ನ ಟ್ರ್ಯಾಕ್ ಶುರುವಾದದ್ದೇ ತಡ, ಬರೀ ಗುಂಯ್ ಅನ್ನುವ ಸದ್ದು. ಕುಣಿಯುತ್ತಿದ್ದವರು ಬಾರ್ ಕಡೆ ಹೋದರು. ಸೌಂಡ್ ಎಂಜಿನಿಯರ್ ನನ್ನ ಮುಖ ನೋಡಿದರು, ನಾನು ಮಿಕ್ಸರ್ ನೋಡಿದೆ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ.

ಆಗಿದ್ದೇನು ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ. ಟ್ರ್ಯಾಕ್ 128 ಬಿಪಿಎಂ, ನಿಮಿಷಕ್ಕೆ 128 ಬೀಟ್, ಬೀಟಿಗೊಂದು ಕಿಕ್. ಅಂದರೆ ಒಂದು ಕಿಕ್‌ನಿಂದ ಇನ್ನೊಂದಕ್ಕೆ ಸುಮಾರು 470 ಮಿಲಿಸೆಕೆಂಡ್. ನನ್ನ ಕಿಕ್‌ನ ಬಾಲ, ರಿವರ್ಬ್ ಸೇರಿ, ಅದಕ್ಕಿಂತ ಉದ್ದವಿತ್ತು. ಒಂದರ ಬಾಲ ಮುಗಿಯುವ ಮೊದಲೇ ಇನ್ನೊಂದರ ತಲೆ! ನಡುವೆ ಜಾಗವೇ ಇಲ್ಲ. ಅದರ ಮೇಲೆ ಎರಡೂ ಬೇಸ್ 50-60 ಹರ್ಟ್ಸ್ ಆಸುಪಾಸಿನಲ್ಲಿ, ಕಿಕ್ ಕೂತ ಜಾಗದಲ್ಲೇ ಕೂತಿದ್ದವು. ಅಲೆಗಳು ಜೊತೆಯಾದಾಗ ಸದ್ದು ಉಬ್ಬುತ್ತದೆ, ಎದುರಾದಾಗ ಕುಗ್ಗುತ್ತದೆ. ಹಾಗಾಗಿ ಒಂದು ಕಿಕ್ ಗಟ್ಟಿ, ಇನ್ನೊಂದು ಪೊಳ್ಳು. ಸಾಲದ್ದಕ್ಕೆ ಕೆಳಗಿನ ಬೇಸನ್ನು ಸ್ಟೀರಿಯೋದಲ್ಲಿ ಅಗಲ ಮಾಡಿದ್ದೆ. ಕ್ಲಬ್‌ನ ಸಬ್‌ವೂಫರ್ (ಬೇಸ್ ಸ್ಪೀಕರ್) ಮೋನೋ, ಎಡ-ಬಲ ಬೇರೆ ಅನ್ನೋದೇ ಇಲ್ಲ. ಎಡ-ಬಲ ಕೂಡಿದಾಗ ಅರ್ಧ ಬೇಸ್ ಮಾಯ. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋಗುವುದರಿಂದ ಇದು ಗೊತ್ತೇ ಆಗಲ್ಲ.

ಈ ಶೈಲಿ ಹುಟ್ಟಿದ್ದೇ ಇಂಥ ತುಂಬಾಟ ಬೇಡ ಅಂತ. 1990ರ ದಶಕದ ಶುರುವಿನಲ್ಲಿ ರೇವ್ ಅನ್ನುವ ಡಾನ್ಸ್ ಪಾರ್ಟಿಗಳಲ್ಲಿ ವೇಗ, ಗದ್ದಲ ಜಾಸ್ತಿಯಾಗಿತ್ತು. ಅಮೆರಿಕದ ಡೆಟ್ರಾಯಿಟ್‌ನ ಟೆಕ್ನೋ ಸಂಗೀತಗಾರ ರಾಬರ್ಟ್ ಹುಡ್ ಅವರಿಗೆ ಅದು ರುಚಿಸಲಿಲ್ಲ. ಮೊದಲು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದಲ್ಲಿದ್ದವರು ಅವರು. ಡ್ರಮ್, ಬೇಸ್, ಗ್ರೂವ್, ಇಷ್ಟಕ್ಕೇ ಇಳಿಸಿ 1994ರಲ್ಲಿ 'ಮಿನಿಮಲ್ ನೇಷನ್' ರೆಕಾರ್ಡ್ ತಂದರು. ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ರಿಚಿ ಹಾಟಿನ್ 1993ರಲ್ಲೇ ಪ್ಲಾಸ್ಟಿಕ್‌ಮ್ಯಾನ್ ಹೆಸರಲ್ಲಿ 'ಸ್ಪಾಸ್ಟಿಕ್' ಟ್ರ್ಯಾಕ್ ಬಿಟ್ಟಿದ್ದರು. ಅದರಲ್ಲಿ ರೋಲೆಂಡ್ 808 ಡ್ರಮ್ ಮಷೀನಿನದೇ ಕಾರುಬಾರು, ಟ್ಯೂನ್ ಅನ್ನೋದೇ ಇಲ್ಲ. ಅದೇ ವರ್ಷ ಬರ್ಲಿನ್‌ನಲ್ಲಿ ಶುರುವಾದ ಬೇಸಿಕ್ ಚಾನೆಲ್ ಜೋಡಿ ಜಮೈಕಾದ ಡಬ್‌ನಿಂದ (ರೆಗ್ಗೆ ಹಾಡನ್ನು ಎಕೋ ಹಾಕಿ ಬಿಚ್ಚಿ ಕಟ್ಟುವ ಬಗೆ) ಎಕೋ ಕಲಿತು ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ನಿಮಿಷಗಟ್ಟಲೆ ಎಳೆಯಿತು. ಮಿನಿಮಲ್ ಅಂದರೆ ಲ್ಯಾಪ್‌ಟಾಪಿನ ಕ್ಲಿಕ್-ಕ್ಲಿಕ್ ಸದ್ದು ಅನ್ನುವವರ ಜೊತೆ ನಾನು ವಾದಕ್ಕೆ ಹೋಗಲ್ಲ. ಸುಳ್ಳು, ಹೋಗ್ತೀನಿ.

ಇವನ್ನು ಸುಮ್ನೆ ಕೇಳಿದರೆ ಏನೂ ನಡೀತಿಲ್ಲ ಅನ್ನಿಸುತ್ತೆ, ಅಲ್ವಾ? ಕಿವಿಗೊಟ್ಟು ಕೇಳಿ. ಫಿಲ್ಟರ್ ನಿಧಾನಕ್ಕೆ ತೆರೆಯುತ್ತದೆ, ಮಂಕು ಸದ್ದು ಚುರುಕಾಗುತ್ತದೆ. ಎಕೋ ಉದ್ದವಾಗುತ್ತದೆ. ಹ್ಯಾಟ್ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ರೋಲೆಂಡ್ 909 ಡ್ರಮ್ ಮಷೀನಿನಲ್ಲಿ ಈ ತಡಕ್ಕೆಂದೇ ಶಫಲ್ ಅನ್ನುವ ಸೆಟ್ಟಿಂಗ್ ಇದೆ. ಸದ್ದುಗಳು ಕಮ್ಮಿ ಇರುವುದರಿಂದಲೇ ಇದೆಲ್ಲ ಕೇಳಿಸೋದು. ನಿಮಗೆ ಖಾಲಿ ಅನ್ನಿಸುತ್ತಿರುವುದು ಬಹುಶಃ ಒಂದೂ ಕದಲುತ್ತಿಲ್ಲ ಅಂತ.

ಮೊದಲು ಕಿಕ್‌ನ ಡಿಕೇ, ಅಂದರೆ ಆ ಬಾಲ, ಕತ್ತರಿಸಿ, ಮುಂದಿನ ಕಿಕ್‌ಗೆ ಮುಂಚೆ ಮೌನ ಇರಲಿ. ಬೇಸನ್ನು ಎರಡು ಕಿಕ್‌ಗಳ ನಡುವೆ ಕೂರಿಸಿ. 100 ಹರ್ಟ್ಸ್ ಕೆಳಗಿನದೆಲ್ಲ ಮೋನೋ. ಪ್ಯಾಡ್ ಹಾಕಿದ್ದರೆ ಅಳಿಸಿ. ಮ್ಯೂಟ್ ಅಲ್ಲ, ಅಳಿಸಿ. ಮ್ಯೂಟ್ ಮಾಡಿಟ್ಟರೆ ರಾತ್ರಿ ಎರಡು ಗಂಟೆಗೆ ಮತ್ತೆ ಆನ್ ಮಾಡ್ತೀರಿ.

ಪ್ಯಾಕ್‌ಗೆ ಎತ್ತಿಟ್ಟ ದುಡ್ಡಲ್ಲಿ ಗಂಟೆ ಲೆಕ್ಕದ ಜಾಮ್ ರೂಮ್ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆ) ಹಿಡಿದು ಟ್ರ್ಯಾಕ್ ಜೋರಾಗಿ ಹಾಕಿ ಕೇಳಿ. ಸಬ್‌ವೂಫರ್ ಇದೆಯಾ ಅಂತ ಫೋನಿನಲ್ಲೇ ವಿಚಾರಿಸಿ. ಬರೀ ಗಿಟಾರ್ ಆಂಪ್ ಇರುವ ಕಡೆ ಹೋದರೆ ದುಡ್ಡು ದಂಡ.