ಸಂಪಾದಕರ ಉತ್ತರ: ತಂಡದ ಅಂಕ ಯಾರದು?

ಮಾನ್ಯರೆ,

ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ಗುರುತಿಸುವ ಪರೀಕ್ಷೆಯನ್ನು ಕುಮಟಾದ ತಮ್ಮ ಪ್ರೌಢಶಾಲೆಯಲ್ಲಿ ನಡೆಸಿರುವ ತಾವು, ಮಕ್ಕಳ ಅಂಕಗಳ ಸರಾಸರಿಯನ್ನೇ ಅವರ ತಂಡದ ಸಾಮರ್ಥ್ಯವೆಂದು ಪರಿಗಣಿಸಬಹುದೇ ಎಂದು ಕೇಳಿದ್ದೀರಿ. ಪರಿಗಣಿಸಬಾರದೆಂಬುದು ನಮ್ಮ ಅಭಿಪ್ರಾಯ.

ಈ ಪರೀಕ್ಷೆಯ ಮೂಲ ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್ಲರ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಎರಡು ಚಿತ್ರಗಳು ಒಂದೇ ವಸ್ತುವಿನವೇ ಎಂದು ನಿರ್ಧರಿಸಲು ತಗಲುವ ಸಮಯ, ಅವುಗಳ ನಡುವಿನ ಕೋನ ಹೆಚ್ಚಿದಷ್ಟೂ ಹೆಚ್ಚುತ್ತದೆಂದು ಅವರು ತೋರಿಸಿದರು. ಅಳೆದದ್ದು ಒಬ್ಬೊಬ್ಬರ ತಲೆಯೊಳಗಿನ ಕೆಲಸವನ್ನು. ತಂಡದ ಕೆಲಸ ಬೇರೆ: ಹಲವರು ಸೇರಿ ದಡಕ್ಕೆಳೆಯುವ ರಂಪಣಿ ಎಂಬ ದೊಡ್ಡ ಮೀನುಬಲೆಯನ್ನು ಎಳೆಯುವಾಗ ದಡದ ಎರಡೂ ತುದಿಯವರು ಪರಸ್ಪರರ ವೇಗವನ್ನು ಗಮನಿಸಿ ಹೊಂದಿಸಿಕೊಳ್ಳದಿದ್ದರೆ, ಪ್ರತಿಯೊಬ್ಬರಿಗೂ ಬಲೆಯ ಆಕಾರದ ಅಂದಾಜು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಾಗದು.

2010ರಲ್ಲಿ ಸಂಶೋಧಕಿ ಅನಿತಾ ವುಲ್ಲಿ ಮತ್ತು ಸಂಗಡಿಗರು 699 ಜನರನ್ನು ಎರಡರಿಂದ ಐದು ಮಂದಿಯ ಗುಂಪುಗಳಾಗಿಸಿ ನಡೆಸಿದ ಅಧ್ಯಯನದಲ್ಲಿ, ಗುಂಪಿನ ಸಾಧನೆಗೆ ಸದಸ್ಯರ ಸರಾಸರಿ ಬುದ್ಧಿಮತ್ತೆಯೊಡನೆ ಗಟ್ಟಿಯಾದ ನಂಟು ಕಾಣಲಿಲ್ಲ. ಇತರರ ಭಾವವನ್ನು ಗ್ರಹಿಸುವ ಶಕ್ತಿ ಮತ್ತು ಮಾತಿನ ಸರದಿ ಎಲ್ಲರಿಗೂ ಹಂಚಿಹೋಗುವುದು, ಇವೆರಡರೊಡನೆ ನಂಟು ಕಂಡಿತು. ಆ ತೀರ್ಮಾನವನ್ನು ಎಲ್ಲ ಸಂಶೋಧಕರೂ ಒಪ್ಪಿಲ್ಲವಾದರೂ, ಸರಾಸರಿಯನ್ನು ನಂಬಿ ಕೂರಬಾರದೆಂಬ ಎಚ್ಚರಿಕೆಗೆ ಅದು ಸಾಕು.

ಹಾಗಾದರೆ ಅಳೆಯುವುದು ಹೇಗೆ? ಹಲವು ದೇಶಗಳ ಹದಿನೈದು ವರ್ಷದ ವಿದ್ಯಾರ್ಥಿಗಳನ್ನು ಹೋಲಿಸುವ ಪೀಸಾ ಪರೀಕ್ಷೆಯು 2015ರಲ್ಲಿ, ಜೊತೆಗೂಡಿ ಸಮಸ್ಯೆ ಬಿಡಿಸುವ ಸಾಮರ್ಥ್ಯವನ್ನು ಅಳೆಯಲು ವಿದ್ಯಾರ್ಥಿಗೆ ಕಂಪ್ಯೂಟರಿನ ಕಲ್ಪಿತ ಸಂಗಾತಿಗಳನ್ನು ಕೊಟ್ಟಿತು. ಸಂಗಾತಿ ಎಲ್ಲರಿಗೂ ಒಂದೇ ಬಗೆಯವನಾಗಿದ್ದರೆ ದೇಶ ದೇಶಗಳ ಹೋಲಿಕೆ ನ್ಯಾಯವಾಗುತ್ತದೆ, ನಿಜ. ಆದರೆ ಮುನಿಸಿಕೊಳ್ಳುವ, ಮಾತಿನ ನಡುವೆ ಬಾಯಿ ಹಾಕುವ ನಿಜವಾದ ಗೆಳೆಯರೇ ತರಗತಿಯಲ್ಲಿರುವಾಗ ತಮಗೆ ಆ ಏರ್ಪಾಡು ಬೇಕಿಲ್ಲ.

ಎಡಿನ್‌ಬರೋ ಮತ್ತು ಗ್ಲಾಸ್ಗೋ ಸಂಶೋಧಕರು ಬಳಸಿದ ನಕಾಶೆಯ ವಿಧಾನವನ್ನು ತಾವು ಪರಿಶೀಲಿಸಬಹುದು. ಇಬ್ಬರು ಮಕ್ಕಳಿಗೆ ಕುಮಟಾ ಪೇಟೆಯ ಒಂದೊಂದು ನಕಾಶೆ ಕೊಡಿ, ಒಬ್ಬರದು ಇನ್ನೊಬ್ಬರಿಗೆ ಕಾಣದಿರಲಿ. ಒಂದರಲ್ಲಿ ದಾರಿ ಗುರುತಾಗಿರಲಿ, ಇನ್ನೊಂದರಲ್ಲಿ ಬೇಕೆಂದೇ ಒಂದೆರಡು ಗುರುತುಗಳು ಬಿಟ್ಟುಹೋಗಿರಲಿ. ಮೊದಲನೆಯವರು ಬಾಯಿಮಾತಿನಲ್ಲೇ ದಾರಿ ಹೇಳಬೇಕು, ಎರಡನೆಯವರು ಅದನ್ನು ಬರೆಯಬೇಕು. ಬರೆದ ಗೆರೆ ಎಷ್ಟು ತಪ್ಪಿದೆ ಎಂಬುದಕ್ಕಿಂತ, ನಕಾಶೆಗಳೇ ಬೇರೆ ಎಂಬ ಅನುಮಾನ ಯಾರಿಗೆ ಯಾವಾಗ ಬಂತು, ಅದನ್ನು ಅವರು ಕೇಳಿ ಬಗೆಹರಿಸಿಕೊಂಡರೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಬಳಿಕ ಜೋಡಿಗಳನ್ನು ಬದಲಿಸಿ. ಯಾರೊಡನೆ ಕೂರಿಸಿದರೂ ಅದೇ ಮಗು ಸಂಗಾತಿಯ ತೊಡಕನ್ನು ಹಿಡಿಯುತ್ತಿದ್ದರೆ ಆ ಅಂಕವನ್ನು ಮಗುವಿನ ಹೆಸರಿಗೆ ಬರೆಯಬಹುದು. ಇಲ್ಲವಾದರೆ ಅದು ಆ ಜೋಡಿಯ ಅಂಕ, ಪ್ರಗತಿಪತ್ರದಲ್ಲಿ ಅದಕ್ಕೆ ಜಾಗವಿಲ್ಲ.

— ಸಂಪಾದಕ