ಆಸ್ಟ್ರೇಲಿಯಾದಲ್ಲಿ ಅಪ್ಪ-ಅಮ್ಮನಿಗೆ ಬರುವ ಮನೆ ಆರೈಕೆಯ ತಿಂಗಳ ಸ್ಟೇಟ್‌ಮೆಂಟ್ ಸರಿಯಾಗಿದೆಯೇ ಎಂದು ನೋಡುವುದು ಹೇಗೆ?

ಮನೆಯಲ್ಲೇ ಒಂದು ಡೈರಿ ಇಡಿ. ಯಾರು ಬಂದರು, ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋದರು, ಏನು ಕೆಲಸ ಮಾಡಿದರು ಎಂದು ಅಂದಂದೇ ಬರೆಯಿರಿ. ಸ್ಟೇಟ್‌ಮೆಂಟ್ ಬಂದಾಗ ಪ್ರತಿ ಸಾಲನ್ನೂ ಅದರೊಂದಿಗೆ ತಾಳೆ ನೋಡಿ. ಬರೀ ಒಟ್ಟು ಮೊತ್ತ ನೋಡಿದರೆ ತಪ್ಪು ಸಿಗುವುದಿಲ್ಲ.

ಏಕೆಂದರೆ 2025ರ ನವೆಂಬರ್ 1ರಿಂದ ಜಾರಿಯಲ್ಲಿರುವ 'ಸಪೋರ್ಟ್ ಅಟ್ ಹೋಮ್' ಎಂಬ ಸರ್ಕಾರಿ ಮನೆ ಆರೈಕೆ ಯೋಜನೆಯಲ್ಲಿ ಹಿರಿಯರು ಕೈಯಿಂದ ಕೊಡುವ ಪಾಲು ಸೇವೆಯ ವರ್ಗದ ಮೇಲೆ ನಿಂತಿದೆ. ನರ್ಸ್ ಸೇವೆಯ ಪೂರ್ತಿ ಖರ್ಚು ಸರ್ಕಾರದ್ದು. ಆದರೆ ಮನೆ ಸ್ವಚ್ಛತೆ, ತೋಟದ ಕೆಲಸಕ್ಕೆ ಸರ್ಕಾರದ ಪೂರ್ಣ ವೃದ್ಧಾಪ್ಯ ಪಿಂಚಣಿ ಪಡೆಯುವವರೂ 17.5% ಕೊಡಬೇಕು. (2024ರ ಸೆಪ್ಟೆಂಬರ್ 12ರಂದು ಅಥವಾ ಅದಕ್ಕೆ ಮೊದಲೇ ಹಿಂದಿನ ಯೋಜನೆಯಾದ 'ಹೋಮ್ ಕೇರ್ ಪ್ಯಾಕೇಜ್' ಮಂಜೂರಾಗಿದ್ದವರಿಗೆ ನಿಯಮ ಬೇರೆ, ಅವರಿಗೆ ಹೊರೆ ಹೆಚ್ಚಾಗದು.) ಹಾಗಾಗಿ ವರ್ಗ ತಪ್ಪಾಗಿ ನಮೂದಾದರೆ ಗಂಟೆ ಸರಿಯಿದ್ದರೂ ಬಿಲ್ ತಪ್ಪು.

ಗಂಟೆಯ ದರವನ್ನು ಆರೈಕೆ ಸಂಸ್ಥೆಯೊಂದಿಗೆ ಸಹಿ ಹಾಕಿದ ಒಪ್ಪಂದದ ದರಪಟ್ಟಿಗೆ ಹೋಲಿಸಿ. ವಾರಾಂತ್ಯ, ಸಾರ್ವಜನಿಕ ರಜೆಯ ದರ ಮಾಮೂಲಿ ದಿನಕ್ಕೆ ಬಿದ್ದಿದೆಯೇ? ಆಡಳಿತ ಶುಲ್ಕ, ಕೆಲಸದವರ ಪ್ರಯಾಣ ವೆಚ್ಚ ಪ್ರತ್ಯೇಕ ಸಾಲಾಗಿ ಕಂಡರೆ ಖಂಡಿತ ಪ್ರಶ್ನಿಸಿ: ಅವೆಲ್ಲ ಗಂಟೆಯ ದರದೊಳಗೇ ಸೇರಿರಬೇಕು. ಆರೈಕೆ ನಿರ್ವಹಣೆಗೆ (ಸೇವೆಗಳನ್ನು ಯೋಜಿಸಿ ಹೊಂದಿಸುವ ಕೆಲಸಕ್ಕೆ) ಬಜೆಟ್‌ನ, ಅಂದರೆ ಸರ್ಕಾರ ಆ ಹಿರಿಯರ ಆರೈಕೆಗೆ ಕೊಡುವ ಹಣದ, 10% ಮೊದಲೇ ತೆಗೆದಿಟ್ಟಿರುತ್ತಾರೆ, ಅದು ತಪ್ಪಲ್ಲ.

ತಡ ಮಾಡಬೇಡಿ. ಬಜೆಟ್ ಮೂರು ತಿಂಗಳಿಗೊಮ್ಮೆ ಬರುತ್ತದೆ. ಉಳಿಕೆಯಲ್ಲಿ 1,000 ಡಾಲರ್ ಅಥವಾ ಬಜೆಟ್‌ನ 10%, ಯಾವುದು ಹೆಚ್ಚೋ ಅಷ್ಟೇ ಮುಂದಕ್ಕೆ ಹೋಗುತ್ತದೆ. ತಪ್ಪು ಸಾಲು ಅಮ್ಮನ ಮುಂದಿನ ಸ್ನಾನದ ಸಹಾಯವನ್ನೇ ಕಿತ್ತುಕೊಳ್ಳಬಹುದು. ದಿನಾಂಕ, ಸಾಲು, ಮೊತ್ತ ಹೆಸರಿಸಿ ಇಮೇಲ್‌ನಲ್ಲೇ ಕೇಳಿ. ಆರೈಕೆ ಸಂಸ್ಥೆ ಸರಿಪಡಿಸದಿದ್ದರೆ ಹಿರಿಯರ ಆರೈಕೆಯ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯಾದ ಏಜ್ಡ್ ಕೇರ್ ಕ್ವಾಲಿಟಿ ಅಂಡ್ ಸೇಫ್ಟಿ ಕಮಿಷನ್‌ಗೆ ಉಚಿತವಾಗಿ ದೂರು ಕೊಡಬಹುದು.