ಕನ್ನಡ ಸಿನಿಮಾದಲ್ಲಿ ಜಾತಿನೇ ಇಲ್ವಲ್ಲ, ಈ ವಿಮರ್ಶಕರು ಯಾಕೆ ಎಲ್ಲಾ ಕಡೆ ಎಳ್ಕೊಂಡು ಬರ್ತಾರೆ?

ಪ್ರಶ್ನೆ ಜೊತೆ ನೀವು ಹಾಕಿರೋ ವಿವರಾನೂ ಓದಿದೆ. ನಿಮ್ಮ ತಕರಾರು ಇಷ್ಟು: ತಮಿಳಲ್ಲಿ ಪಾ ರಂಜಿತ್, ಮಾರಿ ಸೆಲ್ವರಾಜ್ ತರದ ನಿರ್ದೇಶಕರು ಬಂದ್ಮೇಲೆ ಎಲ್ಲಾ ಜಾತಿ ಜಾತಿ ಅಂತಿದ್ದಾರೆ, ನಮ್ಮಲ್ಲಿ ಅಣ್ಣಾವ್ರ ಕಾಲದಿಂದ ಆ ರಗಳೆ ಇಲ್ಲ, ಮನೆಮಂದಿ ಎಲ್ಲಾ ಕೂತು ನೋಡೋ ಸಿನಿಮಾ ಮಾಡ್ಕೊಂಡು ಬಂದಿದ್ದೀವಿ, ಈಗ ಕಾಟೇರ, ಕಾಂತಾರ ಎಲ್ಲದಕ್ಕೂ ವಿಮರ್ಶಕರು ಜಾತಿ ಅಂಟಿಸ್ತಿದ್ದಾರೆ, ಸಿನಿಮಾನ ಸಿನಿಮಾ ತರ ನೋಡೋಕಾಗಲ್ವಾ ಅಂತ. ನಾನು ಬೆಂಗಳೂರಲ್ಲಿ ಕೂತು ಸುಮಾರು ವರ್ಷದಿಂದ ಸಿನಿಮಾ ಬಗ್ಗೆ ಬರೀತಾ ಇರೋನು, ಹೊಟ್ಟೆಪಾಡಿನ ಕೆಲ್ಸ ಬೇರೆ ಇದೆ, ಇದು ಚಟ. ನೀವು ಬೈತಿರೋ ಗುಂಪಲ್ಲಿ ನಾನೂ ಒಬ್ಬ ಅಂದ್ಕೊಂಡೇ ಉತ್ತರ ಬರೀತಿದ್ದೀನಿ. ಒಂದೇ ಕಂಡೀಷನ್, ಓದಾದ್ಮೇಲೆ ಮೆಸೇಜಲ್ಲಿ ಬಂದು "ಸರ್ ನೀವು ಯಾವ ಜನ" ಅಂತ ಕೇಳ್ಬೇಡಿ. ಹಿಂದೆ ಬರೆದಾಗ ಅದನ್ನೇ ಕೇಳಿದ್ರು, ಅದೂ ಜಾತಿ ಬಗ್ಗೆ ಮಾತಾಡೋದು ತಪ್ಪು ಅಂತ ವಾದ ಮಾಡ್ತಿದ್ದವ್ರೇ.

ನಾನು ಸಿನಿಮಾ ನೋಡುವಾಗ ಎರಡೇ ಜಾಗದಲ್ಲಿ ಕಣ್ಣಿಡ್ತೀನಿ. ಯಾರು ಯಾರನ್ನ ಮದ್ವೆ ಆಗ್ಬಹುದು, ಭೂಮಿ ಯಾರ ಹೆಸರಲ್ಲಿದೆ. ಜಾತಿ ಅನ್ನೋ ಪದ ಡೈಲಾಗಲ್ಲಿ ಬಂತಾ ಇಲ್ವಾ ಅನ್ನೋದು ನಂಗೆ ಅಷ್ಟು ಮುಖ್ಯ ಅಲ್ಲ.

ಮದ್ವೆಗೆ ನಾಗರಹಾವು ತಗೊಳ್ಳಿ. 1972, ಪುಟ್ಟಣ್ಣ ಕಣಗಾಲರ ಸಿನಿಮಾ, ತರಾಸು ಕಾದಂಬರಿಗಳು, ವಿಷ್ಣುವರ್ಧನ್ ಹೀರೋ ಆಗಿ ನಿಂತಿದ್ದು ಅದ್ರಲ್ಲೇ. ಅದರ ಕಥೆ ಏನು ಅಂತ ಯಾರನ್ನ ಕೇಳಿದ್ರೂ ಗುರು ಶಿಷ್ಯರ ಸಂಬಂಧ ಅಂತಾರೆ. ಸರಿ, ಆದ್ರೆ ಕಥೆ ಎಲ್ಲಿ ತಿರುಗುತ್ತೆ ಅಂತ ನೋಡಿ. ಹೀರೋ ರಾಮಾಚಾರಿ ಅಲಮೇಲುನ ಇಷ್ಟಪಡ್ತಾನೆ, ಜಾತಿ ಬೇರೆ, ಮನೇಲಿ ಒಪ್ಪಲ್ಲ, ಆಗ ಚಾಮಯ್ಯ ಮೇಷ್ಟ್ರು ಬಂದು ತ್ಯಾಗದ ಬಗ್ಗೆ ನಾಲ್ಕು ಮಾತು ಹೇಳಿ ಆ ಹುಡ್ಗನ ಮನಸ್ಸು ತಿರುಗಿಸ್ತಾರೆ, ಹುಡ್ಗಿನ ಬೇರೆ ಕಡೆ ಕೊಡ್ತಾರೆ, ಅವಳ ಬದುಕು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಸಿನಿಮಾ ನೋಡಿದವ್ರಿಗೆಲ್ಲಾ ಗೊತ್ತು. ಆಮೇಲೆ ಮಾರ್ಗರೆಟ್, ಅವಳು ಕ್ರಿಶ್ಚಿಯನ್, ಅದಕ್ಕೂ ಮೇಷ್ಟ್ರು ಒಪ್ಪಲ್ಲ, ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲಿಂದ ಮೊದ್ಲು ಮೇಷ್ಟ್ರು ಬೀಳ್ತಾರೆ, ಹಿಂದೆನೇ ಇವರಿಬ್ರು ಹಾರ್ತಾರೆ. ಮೂರು ಸಾವು, ಒಂದು ಹಾಳಾದ ಬದುಕು, ಎಲ್ಲದರ ಬುಡದಲ್ಲಿ ಇರೋದು "ನಮ್ಮ ಜನದ ಹೊರಗೆ ಕೊಡಲ್ಲ" ಅನ್ನೋ ಒಂದು ಮಾತು. ಐವತ್ತು ವರ್ಷದಿಂದ ನಾವು ಅತ್ತಿದ್ದೆಲ್ಲಾ ಗುರುಭಕ್ತಿಗೆ! ಆ ಪಾತ್ರ ಮಾಡಿದ ಅಶ್ವತ್ಥ್ ಅವರ ಮುಖ ಅಷ್ಟು ಒಳ್ಳೇದಾಗಿದ್ರಿಂದ ಮೇಷ್ಟ್ರನ್ನ ಬೈಯೋಕೆ ಯಾರಿಗೂ ಬಾಯಿ ಬರ್ಲಿಲ್ಲ, ನಂಗೂ ಬರಲ್ಲ ಬಿಡಿ.

ಅದೇ ಸಿನಿಮಾದಲ್ಲಿ ಓಬವ್ವನ ಹಾಡಿದೆ. ಜಯಂತಿ ಒನಕೆ ಎತ್ತಿ ನಿಂತಿರೋ ಆ ಫ್ರೇಮು, ನವೆಂಬರ್ ಬಂತು ಅಂದ್ರೆ ಗಲ್ಲಿಗಲ್ಲಿಲಿ ಮೈಕಲ್ಲಿ ಅದೇ. ಓಬವ್ವ ಛಲವಾದಿ ಸಮುದಾಯದವಳು, ಕೋಟೆ ಕಾವಲುಗಾರನ ಹೆಂಡ್ತಿ. ದಲಿತ ಹೆಣ್ಣುಮಗಳೊಬ್ಬಳನ್ನ ಅಷ್ಟು ಎತ್ತರದಲ್ಲಿ ನಿಲ್ಲಿಸಿದ ಇನ್ನೊಂದು ಸೀನ್ ನಮ್ಮ ದೊಡ್ಡ ಕಮರ್ಷಿಯಲ್ ಸಿನಿಮಾಗಳಲ್ಲಿ ಹುಡುಕಿ ನೋಡಿ, ಕಷ್ಟ ಆಗುತ್ತೆ. ಆದ್ರೆ ಹಾಡಲ್ಲಿ ಅವಳು ನಾಡಿನ ವೀರವನಿತೆ ಆಗ್ತಾಳೆ, ಅವಳ ಕೇರಿ ಯಾವ್ದು ಅಂತ ಯಾರೂ ಕೇಳಲ್ಲ. ಕೋಟೆ ಉಳಿಸೋಕೆ ಓಬವ್ವ ಬೇಕು, ಮದ್ವೆ ಮಾತು ಬಂದಾಗ ಜಾತಿ ಬೇಕು, ಎರಡೂ ಒಂದೇ ಟಿಕೆಟ್ಟಲ್ಲಿ ತೋರ್ಸಿದ್ದಾರೆ ಪುಟ್ಟಣ್ಣ. ಇದನ್ನ ಹೇಳಿದ್ರೆ ನಾಗರಹಾವು ಕೆಟ್ಟ ಸಿನಿಮಾ ಆಗ್ಬಿಡಲ್ಲ, ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡದಾಗುತ್ತೆ.

ಇನ್ನು ಅಣ್ಣಾವ್ರ ಕಾಲ ಅಂದ್ರಲ್ಲ. 1954ರ ಬೇಡರ ಕಣ್ಣಪ್ಪದಲ್ಲಿ ಅವರು ಬೇಡ, 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ. ಲೆಕ್ಕ ಹಾಕಿದ್ರೆ ಅವರ ಶುರುವಿನ ಪಾತ್ರಗಳಲ್ಲಿ ಎಷ್ಟೊಂದು ಗುಡಿ ಬಾಗಿಲ ಆಚೆ ನಿಂತವರದ್ದೇ. ಅವರೂ ಈಡಿಗರ ಮನೆಯಿಂದ, ಗುಬ್ಬಿ ಕಂಪನಿ ನಾಟಕದಿಂದ ಬಂದವರು. ಆದ್ರೆ ಆ ಕಥೆಗಳಲ್ಲೆಲ್ಲಾ ಜಗಳ ಬಗೆಹರಿಸೋದು ದೇವ್ರು, ಪವಾಡ ಆಗುತ್ತೆ, ಪೂಜಾರಿ ತಲೆ ಬಗ್ಗಿಸ್ತಾನೆ, ಆಚೆ ನಿಂತವನು ಆಚೆನೇ ನಿಂತಿರ್ತಾನೆ, ದೇವ್ರೇ ಅವನ ಕಡೆ ತಿರುಗ್ತಾನೆ. ಅಷ್ಟಕ್ಕೆ ಎಲ್ಲರಿಗೂ ಸಮಾಧಾನ.

ತಮಿಳಲ್ಲಿ ಯಾಕೆ ಬೇರೆ ತರ ಆಯ್ತು ಅಂತ ಕೇಳಿದ್ರೆ, ಅಲ್ಲಿ ಸಿನಿಮಾ ಮತ್ತೆ ಪಕ್ಷ ಒಟ್ಟಿಗೆ ಬೆಳೆದ್ವು. 1952ರಲ್ಲೇ ಪರಾಶಕ್ತಿಗೆ ಕರುಣಾನಿಧಿ ಡೈಲಾಗ್ ಬರೆದು ಪೂಜಾರಿಗಳನ್ನ ತರಾಟೆಗೆ ತಗೊಂಡಿದ್ರು, 1977ಕ್ಕೆ ಎಂಜಿಆರ್ ಮುಖ್ಯಮಂತ್ರಿ. ತೆಲುಗಲ್ಲಿ 1983ಕ್ಕೆ ಎನ್‌ಟಿಆರ್. ನಮ್ಮಲ್ಲಿ ಅಣ್ಣಾವ್ರು ಬೀದಿಗಿಳಿದಿದ್ದು 1982ರ ಗೋಕಾಕ್ ಚಳವಳಿಗೆ, ಭಾಷೆಗೆ, ಚುನಾವಣೆ ಕಡೆ ತಲೆನೂ ಹಾಕ್ಲಿಲ್ಲ. ಹಾಗಾಗಿ ಗಾಂಧಿನಗರದ ರಾಜಕೀಯ ಅಂದ್ರೆ ಕನ್ನಡ, ಕಾವೇರಿ, ಗಡಿ, ಅಲ್ಲಿಗೆ ಮುಗೀತು. ಜಾತಿ ಬಗ್ಗೆ ಜಗಳ ಆಡೋರು ಇಲ್ಲಿ ಸಾಹಿತ್ಯದ ಕಡೆ ಹೋದ್ರು. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ರಾಜ್ಯ ಹೊತ್ತಿ ಉರಿದು ಅವ್ರು ಕುರ್ಚಿ ಕಳ್ಕೊಂಡ್ರು, ಆ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ತು, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಬಂದ್ರು, ಹೋರಾಟದ ಹಾಡು ಹಳ್ಳಿ ಹಳ್ಳಿ ಮುಟ್ತು. ಸಿನಿಮಾಗೆ ಮಾತ್ರ ಆ ಕಡೆಯಿಂದ ದುಡ್ಡೂ ಬರ್ಲಿಲ್ಲ, ನಿರ್ದೇಶಕರೂ ಬರ್ಲಿಲ್ಲ ಅಂತಾನೇ ಹೇಳ್ಬೇಕು. ಪುಸ್ತಕ ಬರಿಯೋಕೆ ಪೆನ್ನು ಸಾಕು, ಸಿನಿಮಾಗೆ ಫೈನಾನ್ಸ್ ಮಾಡೋನು, ಡಿಸ್ಟ್ರಿಬ್ಯೂಟರು, ಥಿಯೇಟರ್ ಓನರು ಮೂರು ಜನಾನೂ ಒಪ್ಪಬೇಕಲ್ಲ.

ಸಂಸ್ಕಾರ ಇದೆಯಲ್ಲ ಅಂತ ಕಾಮೆಂಟ್ ಬರುತ್ತೆ, ಗೊತ್ತು. 1970ರದ್ದು, ಮೊದ್ಲು ಸೆನ್ಸಾರ್‌ನವ್ರು ತಡೆದ್ರು, ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ. ದೊಡ್ಡ ಸಿನಿಮಾ, ಎರಡು ಮಾತಿಲ್ಲ. ಆದ್ರೆ ಸಂಸ್ಕಾರ, ವಂಶವೃಕ್ಷ, ಘಟಶ್ರಾದ್ಧ ಎಲ್ಲದ್ರಲ್ಲೂ ಕ್ಯಾಮೆರಾ ಇರೋದು ಅಗ್ರಹಾರದ ಒಳಗೆ, ಅಲ್ಲಿನವರ ಒಳಜಗಳ, ಅಲ್ಲಿನವರ ಪಾಪಪ್ರಜ್ಞೆ. ಕೇರಿ ಕಡೆ ಕ್ಯಾಮೆರಾ ಹೋಗಿದ್ದು ಕಮ್ಮಿ. ಹೋಗಿದ್ದು ಚೋಮನ ದುಡಿಲಿ, ಅಲ್ಲಿಂದ ಭೂಮಿ ವಿಷಯಕ್ಕೆ ಬರೋಣ.

ಚೋಮನ ಹತ್ರ ಒಂದು ಜೊತೆ ಎತ್ತಿದೆ. ಅವನ ಆಸೆ ಒಂದೇ, ತುಂಡು ಭೂಮಿ ಗೇಣಿಗೆ ಸಿಕ್ರೆ ಬೇಸಾಯ ಮಾಡ್ಬೇಕು. ಅವನ ಜಾತಿಯವ್ರು ಬೇಸಾಯ ಮಾಡೋ ಹಾಗಿಲ್ಲ. ಕೂಲಿ ಮಾಡ್ಬಹುದು, ಗೇಣಿ ಕೇಳೋ ಹಾಗಿಲ್ಲ. ಶಿವರಾಮ ಕಾರಂತರು ಕಾದಂಬರಿ ಬರೆದಿದ್ದು 1933ರಲ್ಲಿ, ಬಿ.ವಿ. ಕಾರಂತರು ಸಿನಿಮಾ ಮಾಡಿದ್ದು 1975ರಲ್ಲಿ, ಚೋಮನ ಪಾತ್ರ ಮಾಡಿದ ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ಬರೋ ಹೊತ್ತಿಗೆ ದೇವರಾಜ ಅರಸು ಅವರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು, 1974ರ ಮಾರ್ಚ್ 1ರಿಂದ. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ರೆ ಉಳೋ ಭೂಮಿ ಅವರ ಹೆಸರಿಗೆ. ಎಷ್ಟೋ ಮನೆಗಳ ಹಣೆಬರಹ ಬದಲಾಯಿಸಿದ ಕಾನೂನು ಅದು. ಆದ್ರೆ ಫಾರಂ 7 ತುಂಬೋಕೆ ಮೊದ್ಲು ನೀವು ಗೇಣಿದಾರ ಆಗಿರ್ಬೇಕು! ಚೋಮ ಏನಂತ ತುಂಬ್ತಾನೆ? ಕಾನೂನಿಂದ ಗೇಣಿ ಮಾಡ್ತಿದ್ದ ಮಧ್ಯದ ಜಾತಿಗಳಿಗೆ ಸಿಕ್ಕಷ್ಟು ಭೂಮಿ ಕೂಲಿ ಮಾಡ್ತಿದ್ದ ದಲಿತರಿಗೆ ಸಿಗ್ಲಿಲ್ಲ, ಕಾರಣ ಇದೇ.

ಈಗ ಕಾಟೇರ ನೋಡಿ. 2023ರ ಡಿಸೆಂಬರಲ್ಲಿ ಬಂತು, ದರ್ಶನ್ ಸಿನಿಮಾ, ಪಕ್ಕಾ ಮಾಸ್. ಆದ್ರೆ ಕಥೆ ಇರೋದೇ ಎಪ್ಪತ್ತರ ದಶಕದ ಭೂಸುಧಾರಣೆ ಮೇಲೆ, ಹೀರೋ ಕುಲುಮೆ ಕೆಲಸದೋನು, ಪ್ರೀತಿ ಮಾಡೋದು ಶಾನುಭೋಗರ ಮಗಳನ್ನ. ಮದ್ವೆ, ಭೂಮಿ, ಎರಡೂ ಇದೆ. ವಿಮರ್ಶಕರು ಜಾತಿ ಅಂಟಿಸಿದ್ರು ಅಂತೀರಲ್ಲ, ಅಂಟಿಸೋಕೆ ಜಾಗನೇ ಬಿಟ್ಟಿಲ್ಲ ಸಿನಿಮಾದವ್ರು. ನಾನು ಮಾಗಡಿ ರೋಡಲ್ಲಿ ಸಿಂಗಲ್ ಸ್ಕ್ರೀನಲ್ಲಿ ನೋಡಿದೆ, ಮಚ್ಚು ಕೈಗೆ ಬಂದಾಗ ಶಿಳ್ಳೆ ಕಿವಿ ಕಿತ್ತೋಗೋ ಹಾಗೆ, ಪೇಪರ್ ತೂರೋರು ತೂರಿದ್ರು, ಅದೆಲ್ಲಾ ಸರಿ. ಗೇಣಿ ಅಳೆಯೋ ಸೀನುಗಳಲ್ಲಿ ನನ್ನ ಪಕ್ಕದ ಸೀಟಿನ ವಯಸ್ಸಾದ ಯಜಮಾನ್ರು, ಮೊಮ್ಮಗನ ಜೊತೆ ಬಂದಿದ್ರು ಅನ್ಸುತ್ತೆ, ಜೋರಾಗೇ "ಹಿಂಗೇ ತಗೊಂಡೋಗೋರು ಕಣ್ಲಾ, ರಾಶಿ ಕಣದಲ್ಲೇ" ಅಂತ ಅವನಿಗೆ ಹೇಳ್ತಿದ್ರು, ಹಿಂದಿನ ಸೀಟಿನವ್ರು ಸುಮ್ನಿರಿ ತಾತ ಅಂದ್ರು. ಸ್ಟಾರ್ ಸಿನಿಮಾ ಮಾಡೋ ಇಂಥ ಕೆಲಸ ಯಾವ ಆರ್ಟ್ ಸಿನಿಮಾನೂ ಮಾಡಕ್ಕಾಗಲ್ಲ, ಆ ತಾತನ ತನಕ ಅದು ಹೋಗಿ ಮುಟ್ಟಲ್ಲ. ನನ್ನ ತಕರಾರು ಒಂದೇ, ನ್ಯಾಯಮಂಡಳಿ, ಫಾರಂ, ಸಂಘ ಕಟ್ಟಿದವ್ರು ಎಲ್ಲಾ ಸೇರಿ ಮಾಡಿದ ಕೆಲಸಾನ ಒಬ್ಬನ ಮಚ್ಚಿಗೆ ಬರೆದುಕೊಟ್ರು.

ಭೂಮಿ ವಿಷಯದಲ್ಲೇ ಕಾಲಾ ಇದೆ, 2018, ಪಾ ರಂಜಿತ್, ರಜನಿಕಾಂತ್, ಧಾರಾವಿಯ ಜನ ತಮ್ಮ ಜಾಗ ಬಿಡಲ್ಲ ಅನ್ನೋ ಕಥೆ. ಬೆಂಗಳೂರಲ್ಲಿ ಅದು ಸುದ್ದಿ ಆಗಿದ್ದು ಕಾವೇರಿಗೆ. ರಜನಿ ಕಾವೇರಿ ಬಗ್ಗೆ ಆಡಿದ ಮಾತಿಗೆ ಸಿಟ್ಟಾಗಿ ಬಿಡುಗಡೆ ಮಾಡ್ಬಾರ್ದು ಅಂತ ಗಲಾಟೆ, ವಿಷಯ ಹೈಕೋರ್ಟ್ ತನಕ ಹೋಯ್ತು. ಒಳಗೆ ಏನಿದೆ ಅಂತ ಚರ್ಚೆ ಮಾಡಿದವ್ರು ಬೆರಳೆಣಿಕೆ. ಹೇಳಿದ್ನಲ್ಲ, ಇಲ್ಲಿ ರಾಜಕೀಯ ಅಂದ್ರೆ ಅದೊಂದೇ ಬಾಗಿಲು.

ಕಾಂತಾರನೂ ಭೂಮಿ ಕಥೆನೇ. ರಾಜ ಕೊಟ್ಟ ಜಾಗ, ಅದನ್ನ ವಾಪಸ್ ಹೊಡ್ಕೊಳೋಕೆ ನೋಡೋ ಒಡೆಯ, ಕಾಡು ನಮ್ದು ಅನ್ನೋ ಸರ್ಕಾರ. ಕರಾವಳಿಯ ದೈವಾರಾಧನೆಲಿ ಕೋಲ ಕಟ್ಟೋರು ಪಂಬದ, ನಲಿಕೆ, ಪರವ ಸಮುದಾಯದವ್ರು, ದೈವ ಮೈಮೇಲೆ ಬಂದಾಗ ಒಡೆಯರೂ ಕೈಮುಗೀತಾರೆ, ಬಣ್ಣ ತೊಳೆದ್ಮೇಲೆ ಅದೇ ಮನೆ ಒಳಗೆ ಎಲ್ಲಿ ತನಕ ಹೋಗ್ಬಹುದು ಅನ್ನೋದು ಬೇರೆ ಪ್ರಶ್ನೆ. ಸಿನಿಮಾ ಆ ಪ್ರಶ್ನೆ ಹತ್ರ ಹೋಗುತ್ತೆ, ಕೊನೇಲಿ ದೈವನೇ ಬಂದು ಎಲ್ಲರ ಕೈ ಜೋಡಿಸಿ ಹೋಗುತ್ತೆ, ಕಣ್ಣಪ್ಪ ಕನಕದಾಸರ ಕಾಲದ ಅದೇ ದಾರಿ. 2022ರಲ್ಲಿ ಸಿನಿಮಾ ಓಡ್ತಿದ್ದಾಗ್ಲೇ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಣೆ ಮಾಡ್ತು, ಒಳ್ಳೇದೇ ಆಯ್ತು. ಟಿವಿಲಿ ಮಾತ್ರ ವಾರಗಟ್ಲೆ ನಡೆದಿದ್ದು ಭೂತಕೋಲ ಹಿಂದೂನಾ ಅಲ್ವಾ ಅನ್ನೋ ಜಗಳ. ಆ ಕುಟುಂಬಗಳಿಗೆ ಭೂಮಿ ಇದೆಯಾ ಅಂತ ಒಂದು ಪ್ಯಾನೆಲಲ್ಲೂ ಯಾರೂ ಕೇಳಿದ್ದು ನಾನು ನೋಡ್ಲಿಲ್ಲ.

ಸಿನಿಮಾನ ಸಿನಿಮಾ ತರ ನೋಡಿ ಅಂದ್ರಿ. ಅದನ್ನೇ ಮಾಡ್ತಿರೋದು. ಪಂಚಾಯ್ತಿ ಕಟ್ಟೆ ಸಿನಿಮಾಗಳು ಒಂದು ಕಾಲದಲ್ಲಿ ಸಾಲಾಗಿ ಬಂದ್ವು, ಸುಮಾರು ತಮಿಳಿಂದ ರೀಮೇಕು, ನಾಟ್ಟಾಮೈ ಇಲ್ಲಿ ಸಿಂಹಾದ್ರಿಯ ಸಿಂಹ ಆಯ್ತು, ವಿಷ್ಣು ಅವ್ರು ಆ ಕಟ್ಟೆ ಮೇಲೆ ಕೂತ ಗತ್ತು ಈಗ್ಲೂ ನಂಗೆ ರೋಮಾಂಚನ. ಆ ಫ್ರೇಮಲ್ಲಿ ಕಟ್ಟೆ ಮೇಲೆ ಯಾರು ಕೂತಿದ್ದಾರೆ, ಕೆಳಗೆ ಟವೆಲ್ ಕಂಕುಳಿಗೆ ಸಿಗಿಸ್ಕೊಂಡು ಯಾರು ನಿಂತಿದ್ದಾರೆ, ಕ್ಯಾಮೆರಾ ಯಾರ ಕಣ್ಣಿಂದ ಮೇಲಕ್ಕೆ ನೋಡ್ತಿದೆ, ಇದು ಸಿನಿಮಾ ಅಲ್ದೆ ಇನ್ನೇನು? ಮಾರಿ ಸೆಲ್ವರಾಜ್ ಅವರ ಪರಿಯೇರುಮ್ ಪೆರುಮಾಳ್ ಕೊನೇಲಿ ಎರಡು ಟೀ ಲೋಟ ಪಕ್ಕ ಪಕ್ಕ ಇಟ್ಟಿರ್ತಾರೆ, ಮಧ್ಯ ಒಂದು ಹೂವು. ನಮ್ಮ ಹಳ್ಳಿ ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟಿದ್ದನ್ನ ಕಂಡವನಿಗೆ ಆ ಫ್ರೇಮು ಅರ್ಥ ಆಗೋಕೆ ವಿಮರ್ಶಕ ಬೇಕಾಗಿಲ್ಲ.

ಹಂಗಂತ ತಮಿಳಿನವ್ರದ್ದೆಲ್ಲಾ ಚಿನ್ನ ಅಂತಾನೂ ಅಲ್ಲ. ಜೈ ಭೀಮ್ ಅಷ್ಟು ಹೊಗಳಿಸಿಕೊಳ್ತು, ಅದ್ರಲ್ಲಿ ಇರುಳ ಬುಡಕಟ್ಟಿನವರ ಮೇಲೆ ಪೊಲೀಸ್ ಏಟು ಬೀಳೋ ಸೀನುಗಳನ್ನ ಎಳೆದು ಎಳೆದು ತೋರ್ಸಿದ್ದಾರೆ, ಆಮೇಲೆ ಲಾಯರ್ ಬಂದು ಕಾಪಾಡ್ತಾರೆ. ನಿಜ ಕೇಸ್ ಮೇಲೇ ಮಾಡಿದ್ದು ಸರಿ, ಆದ್ರೂ ಏಟು ತಿನ್ನೋರು ಏಟು ತಿನ್ನೋಕೆ ಮಾತ್ರ ಫ್ರೇಮಲ್ಲಿ ಇದ್ರೆ ನಂಗೆ ಕಿರಿಕಿರಿ ಆಗುತ್ತೆ. ಹಿಂದಿಯ ಆರ್ಟಿಕಲ್ 15 ಇನ್ನೂ ಒಂದು ಹೆಜ್ಜೆ ಮುಂದೆ, ಕಾಪಾಡೋಕೆ ಬರೋ ಪೊಲೀಸ್ ಸಾಹೇಬ್ರೇ ಬ್ರಾಹ್ಮಣರು. ಮರಾಠಿಯ ನಾಗರಾಜ ಮಂಜುಳೆ ಮಾಡಿದ ಫ್ಯಾಂಡ್ರಿಲಿ ಆ ಹುಡುಗ ಕೊನೆಗೆ ಕಲ್ಲು ಎಸೆಯೋದು ನೇರ ನಮ್ಮ ಕಡೆಗೆ, ಪಾಪ ಅಂತ ಅನ್ಕೊಂಡು ಎದ್ದು ಹೋಗೋಕೂ ಬಿಡಲ್ಲ, ನನ್ನ ಓಟು ಅದಕ್ಕೆ.

ಹಿಂಗೆಲ್ಲಾ ನೋಡಿದ್ರೆ ಮಜಾ ಹೋಗಲ್ವಾ ಅಂತ ಕೊನೇಲಿ ಕೇಳಿದ್ದೀರಿ. ಇಲ್ಲ ಸ್ವಾಮಿ, ನಾಗರಹಾವಿನ ಜಲೀಲ ಸೈಕಲ್ ಮೇಲೆ ಬಂದ್ರೆ ನಾನೂ ಶಿಳ್ಳೆ ಹೊಡೀತೀನಿ. ಕನ್ನಡದಲ್ಲಿ ಕೇರಿ ಕಡೆಯಿಂದ ಕ್ಯಾಮೆರಾ ಇಟ್ಟ ಸಿನಿಮಾ ನೀವು ಯಾವ್ದಾದ್ರೂ ನೋಡಿದ್ರೆ ಕೆಳಗೆ ಹೆಸರು ಹಾಕಿ, ಎರಡು ದಿನ ಓಡಿ ಥಿಯೇಟರಿಂದ ಎತ್ತಿದ್ದಾದ್ರೂ ಪರವಾಗಿಲ್ಲ, ಹುಡುಕ್ಕೊಂಡು ನೋಡ್ತೀನಿ.